ನಾಲ್ಕೂರಿನ ಸಂಗೀತದ ಅಕ್ಕೋರು

ನಮ್ಮ ಸಂಗೀತದ ಅಕ್ಕೋರ ಸೀರೆ ಪಾದದಿಂದ ಒಂದು ಗೇಣು ಮೇಲೆಯೇ ನಿಲ್ಲುತ್ತಿತ್ತು. ಕೆಳಗೆ ಗಂಡುಹುಡುಗರು ಹಾಕುವಂಥ ಕರಿ ಕ್ಯಾನ್ವಾಸ್ ಬೂಟು. ನೆರಿಗೆಗೆ ಎರಡು ಪಿನ್ನು, ಸೆರಗಿಗೆ ಒಂದು. ಬಸ್ಸಿನ ಹಿಂದೆ ಓಡುವವರ ಉಡುಗೆ ಅದು. ಸೋಮವಾರ, ಗುರುವಾರ ಹಾನಗಲ್ಲಿನ ನಮ್ಮ ಕಾನ್ವೆಂಟು. ಮಂಗಳವಾರ ಶಿಗ್ಗಾಂವ, ಬುಧವಾರ ಸವಣೂರು, ಶುಕ್ರವಾರ ಹಿರೇಕೆರೂರು. ನಾಲ್ಕು ಊರಿನ ನಾಲ್ಕು ಶಾಲೆ, ಯಾವುದರಲ್ಲೂ ನೌಕರಿ ಕಾಯಂ ಅಲ್ಲ.

ಕಾನ್ವೆಂಟಿನಲ್ಲಿ ಉಳಿದವರೆಲ್ಲ ‘ಮಿಸ್’. ದೊಡ್ಡ ಸಿಸ್ಟರ್ ಎಷ್ಟು ಗದರಿಸಿದರೂ ಇವರೊಬ್ಬರನ್ನು ಮಾತ್ರ ನಾವು ಅಕ್ಕೋರು ಎನ್ನುತ್ತಿದ್ದೆವು. ಕುರ್ಚಿ ಕೊಟ್ಟರೆ ಅದರ ಮೇಲೆ ತಮ್ಮ ಚೀಲ ಕೂರಿಸುವರು. ಚಹಾ ಬಸಿಗೆ ಸುರಿದು, ಊದಿ, ಕಿಟಕಿಯ ಬಳಿ ನಿಂತೇ ಮುಗಿಸುವರು. ಕಣ್ಣು ರಸ್ತೆಯ ಮೇಲೆ. ಆದರೆ ಕಿವಿ ನಮ್ಮ ಮೇಲೇ ಇರುತ್ತಿತ್ತು. ಹಾಡಿನ ನಡುವೆ ಎಲ್ಲರೂ ಒಮ್ಮೆಗೇ ಉಸಿರೆಳೆದರೆ ಸರ್ರನೆ ತಿರುಗುತ್ತಿದ್ದರು.

“ಎಲ್ಲಾರೂ ಕೂಡೇ ಉಸರು ತಗೊಂಡ್ರ ಹಾಡಿಗೆ ತೂತು ಬೀಳ್ತೈತಿ. ಪಾಳಿ ಹಚ್ಚರಿ. ಬಾಜೂದಾಕಿ ತಗೊಳ್ಳಾಗ ನೀ ಹಾಡ್ತಿರು.” ನನಗಂತೂ ವಾರಕ್ಕೊಮ್ಮೆ ತಪ್ಪದೆ, “ದನಿ ಛಲೋ ಐತಿ, ಕಿವಿ ಎಲ್ಲೆ ಬಿಟ್ಟು ಬಂದೀ?” ಎನ್ನುತ್ತಿದ್ದರು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅವರ ನಾಲ್ಕೂ ಶಾಲೆಯ ತಂಡಗಳು ತಮ್ಮ ತಮ್ಮ ತಾಲ್ಲೂಕಿನಲ್ಲಿ ಗೆದ್ದು, ಜಿಲ್ಲಾ ಸಮೂಹಗಾಯನ ಸ್ಪರ್ಧೆಗೆ ಹಾವೇರಿಗೆ ಹೊರಟವು. ದೊಡ್ಡ ಸಿಸ್ಟರ್ ನಮ್ಮೆದುರೇ ಅವರಿಗೆ ಹೇಳಿದ್ದರು: “ನಮ್ಮ ಶಾಲೆಗೆ ಮೊದಲ ಸ್ಥಾನ ಬರಲಿ, ಜೂನ್‌ನಿಂದ ನೀವು ಇಲ್ಲೇ ಕಾಯಂ.” ಮುಂದಿನ ಗುರುವಾರ ಅಕ್ಕೋರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: “ನಿಮ್ಮ ಓಣ್ಯಾಗ ಬಾಡಿಗಿಗೆ ಒಂದು ಖೋಲಿ ಸಿಗ್ತೈತೇನ?”

ಸ್ಪರ್ಧೆಯ ದಿನ ಬೇರೆ ಶಾಲೆಯ ಮಾಸ್ತರೊಬ್ಬರು ಚೇಷ್ಟೆ ಮಾಡಿದರು: “ಇವತ್ತ ಯಾರ ಗೆದ್ರೂ ಪೇಡೆ ನಿಮಗs ಬಿಡ್ರಿ!”

“ಯಾರ ಸೋತ್ರೂ ಬೈಗುಳಾನೂ ನನಗs ರೀ,” ಎಂದು ನಕ್ಕು, ಹಾರ್ಮೋನಿಯಂ ಹೊತ್ತುಕೊಂಡು ಆ ಕೋಣೆಯಿಂದ ಈ ಕೋಣೆಗೆ ಓಡಿದರು.

ನಮ್ಮ ಸರದಿ ಬಂತು, ಅಕ್ಕೋರ ಪತ್ತೆ ಇಲ್ಲ. ಅವರೇ ಬಂದು ಶ್ರುತಿ ಹಿಡಿದು ಕೊಡಬೇಕು. ದೊಡ್ಡ ಸಿಸ್ಟರ್ ನನ್ನನ್ನು ಅಟ್ಟಿದರು: “ಓಡು, ಕರ್ಕೊಂಡು ಬಾ.” ಹಿತ್ತಿಲ ಪಡಸಾಲೆಯಲ್ಲಿ ಸವಣೂರಿನ ಹುಡುಗಿಯರ ನಡುವೆ ಅವರಿದ್ದರು. ಮುಂದಾಳು ಹುಡುಗಿಯ ಗಂಟಲು ಕಟ್ಟಿತ್ತು. ಅತ್ತು ಅತ್ತು ಅವಳ ಕಾಡಿಗೆ ಕೆನ್ನೆಗಿಳಿದಿತ್ತು. ಅಕ್ಕೋರು ಹಾರ್ಮೋನಿಯಂನಲ್ಲಿ ಶ್ರುತಿಯನ್ನು ಎರಡು ಮನೆ ಕೆಳಗಿಳಿಸಿ, ಅವಳ ಸಾಲುಗಳನ್ನು ಉಳಿದವರಿಗೆ ಹಂಚುತ್ತಿದ್ದರು. ನೆಲದ ಮೇಲೆ, ಕಾಲು ಮಡಚಿ ಕೂತಿದ್ದರು. ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ತಲೆಯೆತ್ತಿ ಕೇಳಿದರು: “ಕರದ್ರೇನ?”

“ಇಲ್ರಿ. ನಿಮ್ಮ ಪರ್ಸ್ ನನ್ನ ಹತ್ರ ಐತಿ ಅಂತ ಹೇಳಾಕ ಬಂದೆ.”

ಯಾಕೆ ಹಾಗೆಂದೆನೋ. ಕೂತವರನ್ನು ಎಬ್ಬಿಸಲು ಮನಸ್ಸಾಗಲಿಲ್ಲ, ಅಷ್ಟೇ. ಹೋಗಿ ಸಿಸ್ಟರ್‌ಗೆ, “ಎಲ್ಲೂ ಸಿಗಲಿಲ್ಲ,” ಎಂದೆ. ನಾವಾಗಿಯೇ ಶುರು ಮಾಡಿದೆವು, ಅವಸರದಲ್ಲಿ ಶ್ರುತಿ ಏರಿಹೋಯಿತು. ಕೊನೆಯ ಚರಣದಲ್ಲಿ ಎಲ್ಲರ ದನಿಯೂ ಕೀರಲು. ಸವಣೂರು ಮೊದಲು, ನಾವು ಎರಡನೆಯವರು. ಅಕ್ಕೋರು ನಮ್ಮನ್ನು ಬಿಟ್ಟು ಎಲ್ಲೋ ಹೋಗಿದ್ದರೆಂದು ಸಿಸ್ಟರ್ ಮುಖ ಬಿಗಿದುಕೊಂಡರು. ಜೂನ್‌ನಲ್ಲಿ ಕಾಯಂ ಆಗಿ ಬಂದವರು ಬೇರೆ ಮಿಸ್. ನಾನು ಬಾಯಿ ಬಿಡಲಿಲ್ಲ.

ಇಪ್ಪತ್ತೈದು ವರ್ಷಗಳ ಮೇಲೆ, ಹೋದ ವರ್ಷ, ನನ್ನ ಗಂಡನ ಊರು ಹಿರೇಕೆರೂರಿನ ಬಸ್ ಸ್ಟ್ಯಾಂಡಿನಲ್ಲಿ ಅಕ್ಕೋರು ಸಿಕ್ಕರು. ಸಂತೆ ದಿನ, ನನ್ನ ಎರಡೂ ಕೈಯಲ್ಲಿ ಕಾಯಿಪಲ್ಲೆ ಚೀಲ. ಅವರ ಕೂದಲು ಪೂರಾ ನರೆತಿತ್ತು, ನೌಕರಿ ಇನ್ನೂ ಊರೂರಿಗೆ ಓಡುವುದೇ. ಶಿಗ್ಗಾಂವದ ಬಸ್ಸಿಗೆ ಕಾದಿದ್ದರು. ತಡೆಯಲಾರದೆ ಎಲ್ಲವನ್ನೂ ಒದರಿಬಿಟ್ಟೆ.

“ಗೊತ್ತೈತಿ ಬಿಡವಾ,” ಎಂದರು. “ನಾ ಅವತ್ತ ಪರ್ಸs ತಂದಿದ್ದಿಲ್ಲ.”

“ಮತ್ತ ಯಾಕ ಬರ್ಲಿಲ್ರಿ?”

“ಆ ಹುಡುಗಿ ಆಗಷ್ಟ ದನಿ ತಗದಿದ್ಲು. ಬಿಟ್ಟು ಹೆಂಗ ಏಳ್ಲಿ? ನೀ ಕರದಿದ್ರೂ ಏಳ್ತಿದ್ದಿಲ್ಲ. ಅದನ್ನ ನಿನ್ನ ಮ್ಯಾಲ ಹಾಕ್ಕೋಬ್ಯಾಡ.” ಬಸ್ಸು ಬಂದು ನಿಂತಿತು. ಅವರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತೇ ಇದ್ದರು. “ಆದ್ರ ಅವತ್ತ ನಿಮ್ಮ ಹಾಡು ಕೇಳೋದು ಉಳದ್ಹೋತು ನೋಡು. ನಾಕೂ ತಂಡದಾಗ ಅದೊಂದs ನಾ ಕೇಳ್ಲಿಲ್ಲ. ಈಗ ಹಾಡು.”

“ಇಲ್ಲೇನ್ರಿ? ಮಂದಿ ಅದಾರು.”

“ಅವತ್ತೂ ಇದ್ರು.”

ಕಂಡಕ್ಟರ್ ಸೀಟಿ ಊದಿದ. ಅವರು ಹತ್ತಿ, ಜನರನ್ನು ಸರಿಸಿ, ಕಿಟಕಿಗೆ ಬಂದರು.

ಆ ಚಳಿಗಾಲದಲ್ಲಿ ಶಿಗ್ಗಾಂವದ ತಮ್ಮ ಖೋಲಿಯಲ್ಲಿ ಅಕ್ಕೋರು ತೀರಿಹೋದರು. ಸುದ್ದಿ ತಿಳಿದಾಗ ಮಣ್ಣಾಗಿ ಮೂರು ದಿನವಾಗಿತ್ತು. ನನಗೆ ನಿದ್ದೆಗೊಡದಿರುವುದು ಆ ಹಳೆಯ ಸುಳ್ಳಲ್ಲ, ಈ ಬಸ್ ಸ್ಟ್ಯಾಂಡು. ಅವತ್ತು ಬಸ್ಸು ಅಲುಗಿತ್ತು. ಕಿಟಕಿಯ ಕಂಬಿಗಳ ನಡುವಿಂದ ಕೈ ಹೊರಗೆ ಹಾಕಿ, ನನ್ನನ್ನೇ ನೋಡುತ್ತಾ, ಅವರು ಬೆರಳಿನಿಂದ ಒಂದು, ಎರಡು ಎಂದು ತಾಳ ಕೊಟ್ಟರು. ಮೂರಕ್ಕೆ ನಾನು ಶುರು ಮಾಡಬೇಕಿತ್ತು.