ಬೀಸುವ ಕಲ್ಲನ್ನು ಕಸವೆಂದು ಗುಡಿಸಿದ ಹೊಸ ಪ್ಲೇಟು

ಬೆಳಗಿನ ಆರು ಗಂಟೆ. ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಮುತ್ತಯ್ಯ ತಮ್ಮ ರಿಪೇರಿ ಅಂಗಡಿಯ ಅರ್ಧ ಬಾಗಿಲನ್ನಷ್ಟೇ ತೆರೆದಿದ್ದಾರೆ. ಕಬ್ಬಿನ ಟ್ರ್ಯಾಕ್ಟರುಗಳು ಸದ್ದು ಶುರು ಮಾಡುವ ಮುಂಚಿನ ಈ ಅರ್ಧ ಗಂಟೆಯೇ ಅವರಿಗೆ ಕಿವಿಯ ಕೆಲಸದ ಹೊತ್ತು. ಪಂಚೆಯ ತುಂಡಿನಿಂದ ಹಳೆಯ ಗ್ರಾಮಫೋನ್ ಪ್ಲೇಟನ್ನು ಒರೆಸಿ, ಉಸಿರು ಬಿಗಿಹಿಡಿದು ಮುಳ್ಳನ್ನು ಇಳಿಸುತ್ತಾರೆ.

ಮೊದಲು ಕೇಳುವುದು ರಾಗಿ ಕಲ್ಲು ಗರಗರ ತಿರುಗುವ ಸದ್ದು. ಅದರ ಮೇಲೆ ಇಬ್ಬರು ಹೆಂಗಸರ ದನಿ ಏರುತ್ತದೆ. ಆಮೇಲೆ ಹೊಸ ಪ್ಲೇಟು. ಅದೇ ಪದ, ಅದೇ ದನಿ, ತೊಳೆದಿಟ್ಟಷ್ಟು ಸ್ಪಷ್ಟ. ಕಲ್ಲು ಮಾತ್ರ ಇಲ್ಲ.

"ಗಲೀಜು ಅಂತ ತೆಗೆದವ್ರೆ ಕಣಮ್ಮ," ಮುತ್ತಯ್ಯ ಮುಳ್ಳನ್ನೆತ್ತಿ, ವರದಿಗೆಂದು ಬಂದ ನನ್ನತ್ತ ತಿರುಗುತ್ತಾರೆ. "ಎಂಗಸಿನ ತೋಳಿನ ಕೆಲ್ಸ ಗಲೀಜಾ?"

ಐವತ್ತು ವರ್ಷದ ಹಿಂದೆ ಯಳಂದೂರಿನ ಮೂವರು ಹೆಂಗಸರನ್ನು ಬೆಂಗಳೂರಿಗೆ ಕರೆಸಿ ಬೀಸುವ ಪದಗಳ ಈ ಪ್ಲೇಟು ಮಾಡಿದ್ದರು. ಕಲ್ಲು ತಿರುಗದೆ ಹಾಡುವವರಿಗೆ ಪದವೇ ಬರಲಿಲ್ಲ. ಕಲ್ಲನ್ನೂ ರಾಗಿಯನ್ನೂ ತರಿಸಿ, ಮೈಕಿನ ಮುಂದೆ ಮೂರನೆಯವರಾದ ಕೆಂಪಾಜಮ್ಮನ ಕೈಯಲ್ಲಿ ಬೀಸಿಸಿದರು. 'ಬೀಸುವ ಕಲ್ಲು: ಕೆಂಪಾಜಮ್ಮ' ಎಂದು ಹಳೆ ಕವರಿನ ಮೇಲಿದೆ. ಈ ವರ್ಷ ಕಂಪನಿಯೊಂದು ಅದನ್ನು ಮತ್ತೆ ಅಚ್ಚು ಹಾಕಿತು. ಕಲ್ಲಿನ ಸದ್ದನ್ನು ಸವಕಲು ಪ್ಲೇಟಿನ ಕೊಳೆಯೆಂದು ಅಳಿಸಿತು. ಸದ್ದು ಹೋದಮೇಲೆ ಹೆಸರೇಕೆಂದು ಅದನ್ನೂ ತೆಗೆಯಿತು.

ಹನೂರಿನ ಮುತ್ತಯ್ಯ ಹದಿನೈದನೇ ವಯಸ್ಸಿಗೆ ಮೈಕ್ ಸೆಟ್ ಹೊತ್ತವರು. ಗಂಟಲು ಹರಿದುಕೊಳ್ಳುವ ಹಾರನ್ನುಗಳ ಪಕ್ಕ ನಿಂತು ಬಲಗಿವಿ ಮಂದವಾಗಿದೆ. ಈಗ ದಿನಕ್ಕೆ ನಾಲ್ಕೈದು ಮಿಕ್ಸಿ, ಆಂಪ್ಲಿಫೈಯರ್ ರಿಪೇರಿ. ಗೋಡೆಯುದ್ದಕ್ಕೂ ಸಾವಿರದ ನೂರು ಪ್ಲೇಟುಗಳು. ಕಲ್ಲಿನ ಸದ್ದನ್ನು ಮತ್ತೆ ಸೇರಿಸಿ ಎಂದು ಕಂಪನಿಗೆ ಮೂರು ಕಾಗದ ಬರೆದರು. ನಿಮ್ಮ ಪ್ಲೇಟು ಸವೆದಿದೆ, ಮುಳ್ಳು ಬದಲಾಯಿಸಿ ಎಂದು ಒಂದೇ ಸಾಲಿನ ಉತ್ತರ!

"ಗೀರಿನ ಸದ್ದು ಪ್ಲೇಟು ಒಂದೊಂದು ಸುತ್ತಿಗೂ ಒಂದೇ ಜಾಗ್ದಲ್ಲಿ ಬತ್ತದೆ. ಇದು ಅಂಗಲ್ಲ. ರಾಗಿ ಆಕೋವಾಗ ತಡೀತದೆ, ಆಮೇಲೆ ತಿರುಗ್ತದೆ. ಪ್ಲೇಟು ಎಲ್ಲಾದ್ರೂ ರಾಗಿ ಆಕ್ಕಂತದಾ?"

ಹೋದ ಭಾನುವಾರ ಎರಡೂ ಪ್ಲೇಟು, ಪ್ಲೇಯರು, ಸ್ಪೀಕರ್ ಬಾಕ್ಸು ಹೊತ್ತು ಯಳಂದೂರಿನ ಬಸ್ಸು ಹತ್ತಿದರು. ಕಂಡಕ್ಟರ್ ತನ್ನ ಸೀಟನ್ನೇ ಬಾಕ್ಸಿಗೆ ಬಿಟ್ಟುಕೊಟ್ಟು ನಿಂತೇ ಬಂದ. ಕೆಂಪಾಜಮ್ಮನಿಗೆ ಎಂಬತ್ತರ ಹತ್ತಿರ, ಕಿವಿ ಪೂರಾ ಹೋಗಿದೆ. ಮುತ್ತಯ್ಯ ಆಕೆಯ ಅಂಗೈಯನ್ನು ಬಾಕ್ಸಿನ ಮೇಲಿಟ್ಟು ಹಳೆ ಪ್ಲೇಟು ಹಾಕಿದರು. ಕಲ್ಲಿನ ಅದುರು ಅಂಗೈಗೆ ತಾಗಿ ಮುದುಕಿಯ ಮುಖ ಅರಳಿತು. "ಇಲ್ಲಿ ತೋಳು ನೋಯ್ತಿತ್ತು ಕಣ್ಲಾ, ಅದ್ಕೇ ನಿಧಾನ!"

ಹೊಸತು ಹಾಕಿದಾಗ ಅಂಗೈ ಅಲ್ಲಲ್ಲೇ ತಡಕಾಡಿತು. "ಲೇ ಮುತ್ತಯ್ಯ, ಇದ್ರಲ್ಲಿ ರಾಗಿ ಇಟ್ಟೇ ಬೀಳ್ತಾ ಇಲ್ವಲ್ಲಾ?"

ಇಷ್ಟು ವರ್ಷ ಯಾವ ಯಂತ್ರದ ಬಗೆಗೂ ಸುಳ್ಳು ಹೇಳದ ಮುತ್ತಯ್ಯ ಕೈಸನ್ನೆಯಲ್ಲೇ ಹೇಳಿದರು: ಬಾಕ್ಸು ಕೆಟ್ಟಿದೆ ಅಕ್ಕ.

"ಇನ್ನೇನ್ ರಿಪೇರಿ ಮಾಡೋನ್ಲಾ ನೀನು? ಸರಿ ಮಾಡ್ಕಂಡು ಬಾ, ಓಗು."

ಕಂಪನಿ ಮತ್ತೊಂದು ಸಲ ಅಚ್ಚು ಹಾಕುತ್ತದಂತೆ. ಮುತ್ತಯ್ಯ ಹಳೆ ಪ್ಲೇಟನ್ನು ಹತ್ತಿ ಬಟ್ಟೆಯಲ್ಲಿ ಸುತ್ತುತ್ತಾರೆ. "ಮಡ್ಲಲ್ಲಿಟ್ಕಂಡು ನಾನೇ ಕಂಪನಿಗೆ ಓಯ್ತೀನಿ. ನನ್ನೆದುರಿಗೇ ಕೇಳ್ಲಿ, ಆ ಕಲ್ಲ ಇದ್ದ ಜಾಗಕ್ಕೇ ಇಡ್ಲಿ. ಬಾಕ್ಸು ಸರಿಯಾಯ್ತು ಅಕ್ಕ ಅಂತ ನಾನು ಯೋಳ್ಬೇಕಲ್ಲಾ."