ಅಬೆನಾ ಹೇಳದ ಮಾತು

ಮೊನ್ನೆ ಶಿವಾಜಿನಗರದ ಮಾರುಕಟ್ಟೆಯ ಪಕ್ಕ ಹಾದುಹೋಗುವಾಗ ಒಣಮೀನಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ನಾನು ಮೀನು ತಿನ್ನುವವಳಲ್ಲ. ಆದರೂ ಆ ವಾಸನೆಗೆ ನನ್ನ ಮುಖ ಅರಳುತ್ತದೆ. ನೋಡಿದವರು ಏನೆಂದುಕೊಳ್ಳುತ್ತಾರೋ! ನನಗೆ ನೆನಪಾಗುವುದು ಘಾನಾ ದೇಶದ ಅಬೆನಾ.

ಬೇರೆ ದೇಶಗಳ ಯುವ ಜನಪ್ರತಿನಿಧಿಗಳನ್ನು ನಮ್ಮ ಸರ್ಕಾರ ಅತಿಥಿಗಳಾಗಿ ಕರೆಸಿ, ಇಲ್ಲಿನ ಆಡಳಿತ ತೋರಿಸಿ ಕಳಿಸುವುದುಂಟು. ಕೆಲವು ವರ್ಷಗಳ ಹಿಂದೆ ಹಾಗೆ ಬಂದವಳು ಅಬೆನಾ. ತನ್ನೂರಿನ ಪುರಸಭೆಗೆ ಆಗಷ್ಟೇ ಗೆದ್ದಿದ್ದಳು. ನಾನು ಅವಳ ದುಭಾಷಿ. ಕೆ.ಆರ್. ಪುರದಲ್ಲಿ ಬೆಳೆದವರಿಗೆ ಭಾಷೆಗಳು ನೆಗಡಿಯಂತೆ, ಪಕ್ಕ ನಿಂತರೆ ಸಾಕು, ಅಂಟಿಕೊಳ್ಳುತ್ತವೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಗೆಳತಿಯರಿಂದ ದಖನಿ ಉರ್ದು, ಹೊಟ್ಟೆಪಾಡಿಗೆ ಇಂಗ್ಲಿಷ್. ಇಷ್ಟೆಲ್ಲ ಬಂದರೂ ಸಭೆಯಲ್ಲಿ ನನ್ನದೇ ಒಂದು ಮಾತು ಆಡಬೇಕೆಂದರೆ ನಾಲಿಗೆ ಒಣಗುತ್ತಿತ್ತು. ಇನ್ನೊಬ್ಬರ ಮಾತಿನ ಹಿಂದೆ ಅಡಗಿಕೊಳ್ಳಲು ಇದಕ್ಕಿಂತ ಒಳ್ಳೆಯ ಉದ್ಯೋಗ ಎಲ್ಲಿ ಸಿಗಬೇಕು, ನೀವೇ ಹೇಳಿ.

ದೊಡ್ಡ ಕಟ್ಟಡಗಳು, ಹೂಗುಚ್ಛಗಳು, ಪರದೆಯ ಮೇಲಿನ ನಕ್ಷೆಗಳು ಎಲ್ಲ ಮುಗಿದವು. ಒಂದು ಮಧ್ಯಾಹ್ನ ಅಬೆನಾ ಕೇಳಿದಳು, “ಎಲ್ಲಾ ಚೆನ್ನಾಗಿದೆ. ನಿಮ್ಮ ಜನ ಜಗಳ ಆಡೋದು ಎಲ್ಲಿ? ಅಲ್ಲಿಗೆ ಕರ್ಕೊಂಡು ಹೋಗು.”

ಅವಳ ಭೇಟಿಯ ಉಸ್ತುವಾರಿ ಹೊತ್ತ ಅಧಿಕಾರಿಗೆ ಫೋನ್ ಮಾಡಿದೆ. ಅವರು ನಕ್ಕರು. “ಜಗಳ ತಾನೇ? ವಾರ್ಡ್ ಸಭೆಗೆ ಹೋಗಿ ಮೇಡಂ, ನಿರಾಸೆ ಆಗಲ್ಲ.”

ದಾರಿಯಲ್ಲಿ ಇದೇ ಮಾರುಕಟ್ಟೆ. ಒಣಮೀನಿನ ಅಂಗಡಿಯ ಮುಂದೆ ಅಬೆನಾ ನಿಂತುಬಿಟ್ಟಳು. ಕಣ್ಣು ಮುಚ್ಚಿ ಉಸಿರೆಳೆದುಕೊಂಡು, “ನಮ್ಮಮ್ಮನ ಬಟ್ಟೆಯ ವಾಸನೆ” ಎಂದಳು. ತಾಯಿ ಸಂತೆಯಲ್ಲಿ ಮೀನು ಮಾರಿ ಅವಳನ್ನು ಬೆಳೆಸಿದ್ದರಂತೆ.

ಸಭೆಯಲ್ಲಿ ಸೊಪ್ಪು ಮಾರುವ ಮುಮ್ತಾಜ್ ಆಪಾ ಎದ್ದು ನಿಂತಿದ್ದರು. “ಶೌಚಾಲಯ್ ಬನಾಕೋ ತಾಲಾ ಡಾಲ್ ದಿಯೇ ಸಾಬ್. ಸುಬೂ ಸೇ ಶಾಮ್ ತಕ್ ಹಮ್ ಪಾನೀಚ್ ನೈಂ ಪೀತೇ!”

ಮಾರುಕಟ್ಟೆಯಲ್ಲಿ ಹೆಂಗಸರ ಶೌಚಾಲಯ ಕಟ್ಟಿ ಬೀಗ ಜಡಿದಿದ್ದಾರೆ, ಅದಕ್ಕೇ ಇವರು ಸಂಜೆಯವರೆಗೆ ನೀರೇ ಕುಡಿಯುವುದಿಲ್ಲ ಎಂದು ಅಬೆನಾಳ ಕಿವಿಯಲ್ಲಿ ಉಸುರಿದೆ.

“ನೋಡೋಣಮ್ಮ, ಮೇಲಕ್ಕೆ ಬರ್ದಿದ್ದೀವಿ” ಎಂದ ವಾರ್ಡಿನ ಅಧಿಕಾರಿ, ಮಾತು ತಿರುಗಿಸಲೋ ಏನೋ, ವಿದೇಶಿ ಅತಿಥಿ ಎರಡು ಮಾತಾಡಲಿ ಎಂದರು.

ಅಬೆನಾ ಆಡಿದ್ದು ನಿಜಕ್ಕೂ ಎರಡೇ ಮಾತು. “ನಮ್ಮಮ್ಮನೂ ಸಂತೆಯಲ್ಲಿ ನೀರು ಕುಡೀತಿರ್ಲಿಲ್ಲ. ಅದಕ್ಕೇ ನಾನು ಚುನಾವಣೆಗೆ ನಿಂತೆ.”

ಕನ್ನಡದಲ್ಲಿ ಹೇಳಿದೆ, ದಖನಿಯಲ್ಲಿ ಹೇಳಿದೆ, ತಮಿಳಿಗೆ ಬರುವಷ್ಟರಲ್ಲಿ ನನ್ನಮ್ಮನ ನೆನಪಾಯಿತು. ಅವಳು ಕೆ.ಆರ್. ಪುರದ ರಸ್ತೆ ಬದಿಯಲ್ಲಿ ತರಕಾರಿ ಮಾರಿ ನನ್ನನ್ನು ಓದಿಸಿದವಳು. ಸಂಜೆ ಮನೆಗೆ ಬಂದವಳೇ ಚೊಂಬು ಎತ್ತಿ ಗಟಗಟ ನೀರು ಕುಡಿಯುತ್ತಿದ್ದಳು. ಬಿಸಿಲಿನ ಬಾಯಾರಿಕೆ ಎಂದುಕೊಂಡಿದ್ದೆ. ಅದು ಏನೆಂದು ಅಂದು ಆ ಸಭೆಯಲ್ಲಿ ತಿಳಿಯಿತು.

ಅಬೆನಾ ಕುಳಿತಳು. ನಾನು ಕೂರಲಿಲ್ಲ. “ನಮ್ಮಮ್ಮನೂ ತರಕಾರಿ ಮಾರ್ತಿದ್ರು ಸಾರ್. ಬೀಗದ ಕೈ ಯಾರ ಹತ್ರ ಇದೆ ಹೇಳಿ, ನಾವೇ ಹೋಗಿ ತರ್ತೀವಿ” ಎಂದುಬಿಟ್ಟೆ. ಹೆಂಗಸರೆಲ್ಲ ಒಟ್ಟಿಗೆ ದನಿ ಎತ್ತಿದರು.

ಗದ್ದಲದ ನಡುವೆ ಅಬೆನಾ ನನ್ನ ತೋಳು ಹಿಡಿದು ಜಗ್ಗಿದಳು. “ನಾನು ಅಷ್ಟೊಂದು ಹೇಳ್ಲಿಲ್ವಲ್ಲ?”

“ಇಲ್ಲ. ಅದು ನನ್ನ ಮಾತು.”

“ಹಾಗಾದ್ರೆ ಅದನ್ನ ನನಗೂ ಹೇಳು” ಎಂದು ನನ್ನತ್ತ ಕಿವಿ ಕೊಟ್ಟಳು.

ಬೀಗ ಮರುದಿನ ತೆರೆಯಿತು. ಅವಳು ವಿಮಾನ ಹತ್ತಿದ ಮೇಲೆ ಮತ್ತೆ ಬಿತ್ತು. ಮುಮ್ತಾಜ್ ಆಪಾ ಮತ್ತು ನಾನು ಮತ್ತೆ ಸಭೆಗೆ ಹೋದೆವು. ಬಾಗಿಲು ತೆರೆದರೆ ನೀರಿಲ್ಲ, ನೀರು ಬಂದರೆ ದೀಪವಿಲ್ಲ. ಹೀಗೆ ಹೋಗಿ ಹೋಗಿ ಸಭೆಗಳೇ ನನಗೆ ರೂಢಿಯಾದವು. ಈಗ ಅಲ್ಲಿ ಬೀಗವಿಲ್ಲ. ಅಬೆನಾ ನಮ್ಮ ಆಡಳಿತದಿಂದ ಏನು ಕಲಿತು ಹೋದಳೋ ತಿಳಿಯದು. ಅವಳನ್ನು ಇಲ್ಲಿಗೆ ಕರೆಸಿದವರಿಗಂತೂ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಮೊನ್ನೆ ಹೊರಟಿದ್ದೂ ಸಭೆಗೇ. ಹೊಸದಾಗಿ ಬಂದ ಅಧಿಕಾರಿ, ನಾನು ಎದ್ದು ನಿಂತದ್ದನ್ನು ನೋಡಿ ವಿನಯದಿಂದಲೇ ಕೇಳಿದರು, “ನೀವು ಯಾರ ಪರವಾಗಿ ಮಾತಾಡ್ತಿದ್ದೀರಿ ಮೇಡಂ?”

“ನನ್ನ ಪರವಾಗೇ ಸಾರ್” ಎಂದೆ. ನಾಲಿಗೆ ಒಣಗಲಿಲ್ಲ.