ಇಡ್ಲಿ ಗಾಡಿಯ ಹೊಸ ಇಂಜಿನ್ನು

ಗಂಡ ನಿವೃತ್ತರಾದ ಮೇಲೆ ದೆಹಲಿಯ ದ್ವಾರಕಾದ ಹೆಂಗಸರು ಸಾಮಾನ್ಯವಾಗಿ ಯೋಗಕ್ಕೋ ಭಜನೆಗೋ ಸೇರಿಕೊಳ್ಳುತ್ತಾರೆ. ನಾನು ಸೆಕೆಂಡ್ ಹ್ಯಾಂಡ್ ಟ್ರಕ್ಕು ಕೊಂಡೆ. ದೊಡ್ಡ ಲಾರಿಯೇನಲ್ಲ, ಪುಟ್ಟದು. ಹಿಂದೆ ತಗಡಿನ ಗೂಡು, ಗೂಡಿನೊಳಗೆ ಗ್ಯಾಸ್ ಒಲೆ, ಇಡ್ಲಿ ಪಾತ್ರೆ, ಸಾಂಬಾರಿನ ಡಬರಿ. ವಾರಕ್ಕೆ ನಾಲ್ಕು ದಿನ ನಾನೇ ಓಡಿಸಿಕೊಂಡು ಮುಖರ್ಜಿ ನಗರಕ್ಕೆ ಹೋಗುತ್ತೇನೆ. ಅಲ್ಲಿ ದೊಡ್ಡ ದೊಡ್ಡ ಪರೀಕ್ಷೆಗೆ ಓದುವ ನಮ್ಮ ಕಡೆಯ ಮಕ್ಕಳು ರಾಜ್ಮಾ ತಿಂದೂ ತಿಂದೂ ಬಾಡಿಹೋಗಿರುತ್ತವೆ. ನನ್ನ ಗಾಡಿ ಕಂಡರೆ ಸಾಕು, ಪುಸ್ತಕ ಬಗಲಲ್ಲಿಟ್ಟುಕೊಂಡು ಓಡಿಬರುತ್ತವೆ. ಐವತ್ತೆಂಟನೇ ವಯಸ್ಸಿನಲ್ಲಿ ನನ್ನನ್ನು ನೋಡಿ ಯಾರಾದರೂ ಹಾಗೆ ಓಡಿಬರುತ್ತಾರೆ ಅಂದರೆ ಸುಮ್ಮನೆ ಮಾತಲ್ಲ.

ನಮ್ಮ ಯಜಮಾನರಿಗೆ ಇದೆಲ್ಲ ಸರಿ ಕಾಣುತ್ತಿರಲಿಲ್ಲ. ಕೇಂದ್ರ ಸರ್ಕಾರದಲ್ಲಿ ಆಫೀಸರಾಗಿದ್ದವರು, ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿ ಅರ್ಧ ಆಯುಸ್ಸು ಕಳೆದವರು. ಅಂಥವರ ಹೆಂಡತಿ ಟ್ರಕ್ಕಿನ ಸ್ಟಿಯರಿಂಗ್ ಹಿಡಿದು ಇಡ್ಲಿ ಮಾರುವುದೆಂದರೆ! ಒಂದು ದಿನವೂ ಆ ಗಾಡಿ ಹತ್ತಿದವರಲ್ಲ. ನಮ್ಮ ಫ್ಲ್ಯಾಟುಗಳ ಸೊಸೈಟಿಯಲ್ಲಿ ಯಾರಾದರೂ ಕೇಳಿದರೆ, “ಅದು ಅವಳ ಹಾಬಿ” ಅಂತ ಅಡ್ಡಗೋಡೆ ಮೇಲೆ ದೀಪ ಇಡುತ್ತಿದ್ದರು. ಬೆಳಗಿನ ಜಾವ ಎದ್ದು ಹಿಟ್ಟು ಹುದುಗಿದೆಯೋ ಇಲ್ಲವೋ ಅಂತ ನೋಡುವುದು ಯಾವ ಸೀಮೆ ಹಾಬಿ?

ಹೀಗಿರುವಾಗ ಒಂದು ಮಧ್ಯಾಹ್ನ ಫ್ಲೈಓವರ್ ಮೇಲೆ ಹಳೆಯ ಇಂಜಿನ್ನು ಪ್ರಾಣ ಬಿಟ್ಟಿತು. ಹಿಂದೆ ಇಡೀ ದೆಹಲಿಯೇ ಹಾರ್ನ್ ಹೊಡೆಯುತ್ತಿತ್ತು. ಎಳೆದುಕೊಂಡು ಹೋಗುವ ಕ್ರೇನು ಬರುವವರೆಗೂ ಆ ಬಿಸಿಲಲ್ಲಿ, ಹಳಸುತ್ತಿರುವ ಸಾಂಬಾರಿನ ಪಕ್ಕ ಕೂತಿದ್ದೆ. ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಯಜಮಾನರು ಬಾಗಿಲಲ್ಲಿ ನಿಂತು ನೋಡಿ, “ಹೇಳಿದ್ನಲ್ಲ” ಅಂದರು. ಇಷ್ಟೇ. ಆ ಒಂದು ಮಾತಿಗೆ ನನಗೆ ಎಲ್ಲಿತ್ತೋ ರೋಷ, ಮಾರನೆಯ ದಿನವೇ ಬೇರೆ ಇಂಜಿನ್ ಹಾಕಿಸಲು ಹೇಳಿ ಬಂದೆ.

ನಮ್ಮ ಸೊಸೈಟಿಯ ಹಿಂದಿನ ರಸ್ತೆಯಲ್ಲಿ ಗಾಡಿ ರಿಪೇರಿಯ ಒಬ್ಬ ಮಿಸ್ತ್ರಿ ಇದ್ದಾನೆ. ಇಂಜಿನ್ ಕೂರಿಸಿ, ಒಂದು ಸಂಜೆ ಗಾಡಿಯನ್ನು ತಾನೇ ಓಡಿಸಿಕೊಂಡು ಬಂದು ಸೊಸೈಟಿಯೊಳಗೆ ಗೋಡೆ ಪಕ್ಕ ನಿಲ್ಲಿಸಿ, “ಏಕ್‌ದಮ್ ಮಕ್ಖನ್ ಹೈ, ಆಂಟಿಜೀ” ಅಂದು ಕೀ ಕೊಟ್ಟು ಹೋದ. ಬೆಳಿಗ್ಗೆ ನಾನು ಹಿಟ್ಟು, ಚಟ್ನಿ ಎಲ್ಲ ತುಂಬಿಸಿ ಸ್ಟಾರ್ಟ್ ಮಾಡಿದರೆ ಬೆಣ್ಣೆಯೂ ಇಲ್ಲ ಸುಣ್ಣವೂ ಇಲ್ಲ, ಗಡಗಡ ಗಡಗಡ! ಗೂಡಿನೊಳಗಿನ ಪಾತ್ರೆಗಳೆಲ್ಲ ಕುಣಿಯತೊಡಗಿದವು. ಗೇಟಿನ ಹತ್ತಿರದ ಸಣ್ಣ ಏರು ಹತ್ತಿಸೋಣ ಅಂತ ಆಕ್ಸಿಲರೇಟರ್ ಒತ್ತಿದೆ. ಗಾಡಿ ಮುದುಕನ ಹಾಗೆ ಕೆಮ್ಮಿ, ಹಿಂದಿನಿಂದ ಕರೀ ಹೊಗೆ ಉಗುಳಿ, ಉಸಿರು ಕಟ್ಟಿ ನಿಂತಿತು. ಹೊಗೆ ಕರಗಿದ ಮೇಲೆ ನೋಡಿದರೆ ವಾಚ್‌ಮನ್ ಸ್ಟೂಲು ಸಮೇತ ನಾಪತ್ತೆಯಾಗಿದ್ದ.

ಮಿಸ್ತ್ರಿ ಬಂದ. ಅವನ ಮುಂದೆ ಸ್ಟಾರ್ಟ್ ಮಾಡಿದರೂ ಅದೇ ಕಥೆ. “ನಿನ್ನೆ ನಾನೇ ತಂದೆನಲ್ಲ, ಚೆನ್ನಾಗಿತ್ತು” ಅಂತ ಅವನು ಹಿಂದಿಯಲ್ಲಿ ಆಣೆ ಇಟ್ಟ. ಸುಳ್ಳು ಬೊಗಳುತ್ತಾನೆ ಅಂತಲೇ ನಾನು ನಂಬಿದ್ದೆ. ಇಂಜಿನ್ ಅಲುಗುತ್ತಿದೆಯೇನೋ ಅಂತ ಅದರ ಕಾಲಿನ ಬೋಲ್ಟುಗಳನ್ನೆಲ್ಲ ಬಿಗಿ ಮಾಡಿದ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿರಬೇಕೆಂದು ಅದನ್ನು ತೆಗೆದು ಗುಳ್ಳೆ ಹೋಗುವವರೆಗೆ ಪಂಪು ಒತ್ತಿದ. ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜೂಕಿನ ಭಾಗಗಳನ್ನು ಬಿಚ್ಚಿ ತೊಳೆಸಿಕೊಂಡು ಬಂದ. ಉಹ್ಞೂಂ. ನಿಂತಲ್ಲಿ ನಡುಕ, ಏರಿಗೆ ಉಸಿರುಕಟ್ಟು. ಕೊನೆಗೆ ಅವನು ತತ್ವಜ್ಞಾನಕ್ಕೆ ಇಳಿದ: “ನಯೀ ಬಹೂ ಜೈಸೀ ಹೈ ಆಂಟಿಜೀ, ಧೀರೇ ಧೀರೇ ಸೆಟ್ ಹೋ ಜಾಯೇಗೀ.”

“ಭಯ್ಯಾ, ನಾನೂ ಸೊಸೆಯಾಗಿ ಬಂದವಳೇ. ಹೀಗೆ ಹೊಗೆ ಬಿಟ್ಟಿದ್ದರೆ ನಮ್ಮತ್ತೆ ಮಾರನೇ ದಿನವೇ ತವರಿಗೆ ಅಟ್ಟುತ್ತಿದ್ದರು” ಅಂತ ನನಗೆ ಬಂದ ಹಿಂದಿಯಲ್ಲಿ ಹೇಳಿದೆ. ಅವನು ನಕ್ಕ. ನನಗೆ ಮೈಯೆಲ್ಲ ಉರಿಯಿತು.

ಇಷ್ಟು ಹೊತ್ತಿಗೆ ಸೊಸೈಟಿಯ ನಿವೃತ್ತರಿಗೆಲ್ಲ ಕೈತುಂಬ ಕೆಲಸ ಸಿಕ್ಕಿತ್ತು. ಎದುರು ಫ್ಲ್ಯಾಟಿನ ಕನ್ನಡದವರೊಬ್ಬರು ರೈಲ್ವೆಯಲ್ಲಿದ್ದವರು. ಅವರು ದಿನಾ ವಾಕಿಂಗ್ ನಿಲ್ಲಿಸಿ ಕಿವಿಗೊಟ್ಟು ಕೇಳಿ, “ಇದು ಡೀಸೆಲ್ ಇಂಜಿನ್ನಿನ ಕ್ಲಾಸಿಕ್ ಸಮಸ್ಯೆ ಕಣಮ್ಮಾ. ನಮ್ಮ ರೈಲ್ವೆಯಲ್ಲಿ ಇಂಥವು ಎಷ್ಟು ನೋಡಿದೀವಿ” ಅನ್ನುತ್ತಿದ್ದರು. ಏನು ಸಮಸ್ಯೆ ಅಂದರೆ ತಲೆದೂಗುತ್ತಿದ್ದರು. ಆಮೇಲೆ ಅವರ ಹೆಂಡತಿಯೇ ನನ್ನ ಕಿವಿಯಲ್ಲಿ ಹೇಳಿದರು, “ಅವರು ಇದ್ದದ್ದು ಪೆನ್ಶನ್ ಸೆಕ್ಷನ್ನಿನಲ್ಲಿ ರೀ, ಇಂಜಿನ್ನು ಹತ್ತಿರದಿಂದ ಕಂಡದ್ದು ಪ್ಲಾಟ್‌ಫಾರ್ಮಿನಲ್ಲೇ.”

ನಮ್ಮ ಯಜಮಾನರದು ಬೇರೆಯೇ ವರಸೆ. ಬಾಲ್ಕನಿಯಲ್ಲಿ ನಿಂತು ನೋಡುವುದು, ಒಳಗೆ ಹೋಗುವುದು, ಮತ್ತೆ ಬರುವುದು. ಒಂದು ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ಶುರು ಮಾಡಿದರು: “ಗುರುಗ್ರಾಮದಲ್ಲಿ ಒಬ್ಬ ಕೇಟರಿಂಗಿನವನಿದಾನೆ. ಇದ್ದ ಹಾಗೇ ತಗೋತಾನಂತೆ. ಹೇಗೂ ಡೀಸೆಲ್ ಗಾಡೀನ ದೆಹಲಿಯಲ್ಲಿ ಓಡಿಸೋಕೆ ಹತ್ತೇ ವರ್ಷ ಬಿಡೋದು. ಇದಕ್ಕೆ ಎಂಟಾಯ್ತು.”

“ನನಗೆ ಐವತ್ತೆಂಟಾಯ್ತು. ನನ್ನೂ ಯಾರಿಗಾದ್ರೂ ಇದ್ದ ಹಾಗೇ ಕೊಟ್ಟುಬಿಡಿ.”

“ನೋಡು, ನಾನು ಹಾಗಲ್ಲ ಹೇಳಿದ್ದು—”

“ಆಯ್ತು ರೀ! ಭಾನುವಾರದೊಳಗೆ ಈ ಗಾಡಿ ಗೇಟು ದಾಟಿ ಮುಖರ್ಜಿ ನಗರ ಮುಟ್ಟದಿದ್ರೆ ಆ ಗುರುಗ್ರಾಮದವನಿಗೆ ಕೀ ಕೊಡ್ತೀನಿ. ಆಮೇಲೆ ನಾನು ಇಡ್ಲಿ ಪಾತ್ರೆ ಮುಟ್ಟಿದ್ರೆ ಕೇಳಿ!”

ಮೂಗಿನ ತುದಿಯಲ್ಲೇ ಕೋಪ ಇರುವವರ ಹಣೆಬರಹವೇ ಇದು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆ ಗಾಡಿ ಹೋದರೆ ನಾನು ಮತ್ತೊಂದನ್ನು ಕೊಳ್ಳುವವಳಲ್ಲ ಅಂತ ನನಗೆ ಗೊತ್ತಿತ್ತು. ಆಮೇಲೆ ಉಳಿಯುವುದು ಬಾಲ್ಕನಿ, ಟಿ.ವಿ., ಮೂರು ಹೊತ್ತು ಇಬ್ಬರ ಅಡುಗೆ. ಮುಖರ್ಜಿ ನಗರದ ಮಕ್ಕಳ ಮೆಸೇಜು ಬೇರೆ: “ಆಂಟಿ, ಯಾವಾಗ ಬರ್ತೀರಾ? ಎಕ್ಸಾಮ್ ಹತ್ರ ಬಂತು, ಹೊಟ್ಟೆ ಕೆಟ್ಟಿದೆ.” ಫೋನನ್ನು ಬೋರಲು ಹಾಕಿಟ್ಟೆ.

ಭಾನುವಾರ ಬೆಳಿಗ್ಗೆ ಕಾಫಿಗೆ ಹಾಲಿಟ್ಟರೆ ಒಲೆಯ ಉರಿ ಹಳದಿಯಾಗಿತ್ತು. ಪಾತ್ರೆಯ ತಳವೆಲ್ಲ ಮಸಿ. ಬರ್ನರು ತೆಗೆದು, ತೂತುಗಳಿಗೆ ಪಿನ್ನು ಚುಚ್ಚಿ, ಕೆಳಗಿನ ಗಾಳಿಯ ಕಿಂಡಿಯಲ್ಲಿ ಕಟ್ಟಿಕೊಂಡಿದ್ದ ಕಸ ಉಜ್ಜಿದೆ. ಉರಿ ನೀಲಿಗೆ ತಿರುಗಿತು. ಹಾಲು ಉಕ್ಕುವುದನ್ನು ಕಾಯುತ್ತ ಕಿಟಕಿಯಿಂದ ಕೆಳಗೆ ನೋಡಿದೆ. ಗಾಡಿಯ ಹಿಂದಿನ ಬಿಳೀ ಗೋಡೆ ನನ್ನ ಪಾತ್ರೆಯ ತಳದ ಹಾಗೇ ಕಪ್ಪಾಗಿತ್ತು. ಅಯ್ಯೋ ರಾಮಾ, ಮಸಿ ಅಂದರೆ ಮಸಿಯೇ! ಅದಕ್ಕೆ ಡೀಸೆಲ್ ಹೆಚ್ಚಾಗಿಲ್ಲ, ಕಡಿಮೆಯೂ ಆಗಿಲ್ಲ. ಗಾಳಿ ಸಾಲುತ್ತಿಲ್ಲ. ಹಾಲು ಉಕ್ಕಿ ಹರಿದದ್ದು ಆಮೇಲೆ ಗೊತ್ತಾಯಿತು.

ಕೆಳಗೆ ಓಡಿದೆ. ಮಿಸ್ತ್ರಿ ಕೊನೆಯ ಪ್ರಯತ್ನಕ್ಕೆ ಆಗಲೇ ಬಂದು ಸ್ಪ್ಯಾನರು ಹರಡಿಕೊಂಡಿದ್ದ. ರೈಲ್ವೆಯವರು ಮೇಲ್ವಿಚಾರಣೆಗೆ ನಿಂತಿದ್ದರು. ಗುರುಗ್ರಾಮದವನು ದಾರಿಯಲ್ಲಿದ್ದಾನೆಂದು ಹೇಳಲು ಯಜಮಾನರೂ ಇಳಿದು ಬಂದಿದ್ದರು.

“ಭಯ್ಯಾ, ಗಾಳಿ ನೋಡಿದ್ಯಾ?”

“ಏರ್ ಫಿಲ್ಟರ್ ನಯಾ ಹೈ ಆಂಟಿಜೀ, ಖುದ್ ಲಗಾಯಾ.”

“ಫಿಲ್ಟರ್ ಹೊಸದಿರಲಿ, ಅದಕ್ಕೆ ಗಾಳಿ ಎಲ್ಲಿಂದ ಬರುತ್ತೆ?”

ಅವನು ಕ್ಯಾಬಿನ್ನಿನ ಹಿಂದೆ ಮೇಲಕ್ಕೆದ್ದು ನಿಂತಿದ್ದ ಅಗಲ ಬಾಯಿಯ ಕೊಳವೆ ತೋರಿಸಿದ. ತೋರಿಸಿದವನೇ ಸ್ಪ್ಯಾನರು ಎತ್ತಿಕೊಂಡ. ಆಮೇಲೆ ಅದರ ಕೆಳಗಿನ ತಿರುವು ಬಿಚ್ಚಿ ಎರಡು ಬೆರಳು ಹಾಕಿ ಎಳೆದ. ಈಚೆಗೆ ಬಂದದ್ದು ಒಂದು ಕೆಂಪು ರೇಷ್ಮೆಯ ಗಂಟು. ಬಿಚ್ಚಿದರೆ ಒಳಗೆ ಮಂತ್ರಾಕ್ಷತೆ, ಒಣಗಿದ ತುಳಸಿ, ಚಿಟಿಕೆ ಕುಂಕುಮ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಇದು ಬಿರಡೆಯ ಹಾಗೆ ಕೊಳವೆಗೆ ಕೂರುತ್ತಿತ್ತು. “ಯೇ ಕಿಸ್ನೇ ಡಾಲಾ?” ಅಂತ ಮಿಸ್ತ್ರಿ ಕಿರುಚಿದ. ರೈಲ್ವೆಯವರು ಮಾಟ ಮಾಟ ಅಂತ ಎರಡು ಹೆಜ್ಜೆ ಹಿಂದೆ ಸರಿದರು.

ಯಾರು ಹಾಕಿದ್ದು ಅಂತ ನಾನು ಕೇಳಬೇಕಾದ್ದೇ ಇರಲಿಲ್ಲ. ಗಂಟು ಕಟ್ಟಿದ್ದು ಸರ್ಕಾರಿ ಫೈಲಿನ ಟ್ಯಾಗಿನಿಂದ, ಎರಡೂ ತುದಿಗೆ ತಗಡಿನ ಮೊಳೆಯಿರುವ ದಾರ. ಇಡೀ ದ್ವಾರಕಾದಲ್ಲಿ ದೇವರ ಪ್ರಸಾದಕ್ಕೂ ಫೈಲ್ ಟ್ಯಾಗು ಕಟ್ಟುವ ಮನುಷ್ಯ ಒಬ್ಬರೇ. ತಿರುಗಿ ನೋಡಿದೆ. ಅವರು ಗೋಡೆಯ ಮಸಿಯನ್ನು ಬಹಳ ಗಮನವಿಟ್ಟು ಪರೀಕ್ಷಿಸುತ್ತಿದ್ದರು.

“ರೀ.”

“ಅಕ್ಕ ಊರಿಂದ ಕಳಿಸಿದ್ಲು. ಇಂಜಿನ್ ಬಂದ ರಾತ್ರಿ ಇಟ್ಟೆ. ಎಲ್ಲಾ ಕಡೆ ಎಣ್ಣೆ, ಜಿಡ್ಡು. ದೇವರದ್ದು ನೋಡು, ಹಾಗೆಲ್ಲ ಇಡೋಕಾಗುತ್ತಾ? ಆ ಕೊಳವೆಯೊಂದೇ ಮಡಿಯಾಗಿ ಕಾಣಿಸ್ತು.”

ಮಿಸ್ತ್ರಿ ಕೊಳವೆ ಜೋಡಿಸಿ ಕೀ ತಿರುಗಿಸಿದ. ಗಾಡಿ ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡು ಹದವಾಗಿ ಓಡತೊಡಗಿತು. ಒಂದು ಪಾತ್ರೆಯೂ ಅಲುಗಲಿಲ್ಲ. ಅಷ್ಟರಲ್ಲಿ ಯಜಮಾನರ ಫೋನು ಬಡಿದುಕೊಂಡಿತು. ಗುರುಗ್ರಾಮದವನು ಗೇಟಿನ ಹತ್ತಿರ ಬಂದಿದ್ದ. ಅವರು ನನ್ನನ್ನು ನೋಡಿದರು, ಗಾಡಿಯನ್ನು ನೋಡಿದರು, ಆಮೇಲೆ ಆಫೀಸಿನ ಗಟ್ಟಿ ದನಿಯಲ್ಲಿ, “ನಹೀ ಭಾಯಿಸಾಹಬ್, ಗಾಡೀ ಬೇಚನೀ ನಹೀ ಹೈ. ಮೇರೀ ಮಿಸೆಸ್ ಕಾ ಕಾಮ್ ಹೈ ಇಸ್ ಪರ್” ಅಂದರು. ಗಾಡಿ ಮಾರುವುದಿಲ್ಲವಂತೆ, ಹೆಂಡತಿಯ ಕೆಲಸ ಅದರ ಮೇಲಿದೆಯಂತೆ. ಹಾಬಿ ಅನ್ನಲಿಲ್ಲ.

ಮೂವತ್ತು ವರ್ಷ ದೇವರ ಕೋಣೆಯ ಹೊಸ್ತಿಲು ದಾಟದ ಮನುಷ್ಯ, ಕತ್ತಲಲ್ಲಿ ಟಾರ್ಚು ಹಿಡಿದು, ಟ್ರಕ್ಕಿನ ಹಿಂದೆ ಮಡಿ ಜಾಗ ಹುಡುಕಿದ್ದನ್ನು ನೆನೆದು ನನಗೆ ನಗು ಬಂತು.

“ಏನಂತ ಬೇಡಿಕೊಂಡ್ರಿ?”

“ಏನಿಲ್ಲ. ಅವತ್ತು ಫ್ಲೈಓವರ್ ಮೇಲೆ ಒಬ್ಬಳೇ ಕೂತಿದ್ಯಲ್ಲ… ಇನ್ಮೇಲೆ ಈ ಗಾಡಿ ನಿನ್ನನ್ನ ನಡುದಾರಿಯಲ್ಲಿ ಕೈಬಿಡಬಾರದು ಅಂತ.”

ಸೆರಗಿನಿಂದ ಕಣ್ಣೊರೆಸಿಕೊಂಡೆ. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ.

“ದೇವರು ಕೇಳಿಸಿಕೊಂಡ ನೋಡಿ. ಅದಕ್ಕೇ ಗೇಟೇ ದಾಟಿಸಲಿಲ್ಲ!”